ಹುಳುಮನೆಯ ಕ್ಯಾಸೆಟ್ಟು

ಅಕ್ಕನ ಮನೆಗೆ ಹೋದರೆ ನನಗೆ ಕುರ್ಚಿ ಹಾಕುತ್ತಾರೆ. ಉಳಿದವರೆಲ್ಲ ಚಾಪೆಯ ಮೇಲೆ, ಬರಿ ನೆಲದ ಮೇಲೆ, ಹೊಸ್ತಿಲ ಮೇಲೆ ಕೂತಿರುತ್ತಾರೆ. ನಾನೊಬ್ಬಳು ಮಾತ್ರ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ. "ಬೇಡ ಬಿಡಿ, ಕೆಳಗೇ ಕೂತ್ಕೊತೀನಿ" ಅಂದರೆ ಅಕ್ಕನ ಅತ್ತೆ ಅಡುಗೆಮನೆಯಿಂದಲೇ ತೆಲುಗಿನಲ್ಲಿ ಕೂಗುತ್ತಾರೆ: "ಕುರ್ಚೀ ವೆಯ್ಯಮ್ಮಾ! ಚದುವುಕುನ್ನ ಪಿಲ್ಲ!" ಓದಿದ ಹುಡುಗಿ. ನನಗೆ ನಲವತ್ತು ದಾಟಿ ಎಷ್ಟೋ ವರ್ಷವಾಯಿತು. ಶ್ರೀನಿವಾಸಪುರದ ಹತ್ತಿರದ ಆ ಹಳ್ಳಿಯಲ್ಲಿ ನಾನಿನ್ನೂ ಓದಿದ ಹುಡುಗಿ.

ಓದಿದ್ದು ನಿಜ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆವನಿಯ ಹತ್ತಿರದ ನಮ್ಮೂರಿನಿಂದ ಮುಳಬಾಗಿಲಿಗೆ, ಅಲ್ಲಿಂದ ಕೋಲಾರಕ್ಕೆ, ಬಸ್ಸಿನ ಕಂಬಿ ಹಿಡಿದು ನಿಂತೇ ಬಿ.ಎ. ಮಾಡಿದವಳು. ಸುಮ್ಮನೆ ಬಂದದ್ದಲ್ಲ. ಈಗ ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ, ಮಹಡಿಯ ಮೇಲೊಂದು ಬಾಡಿಗೆ ಮನೆ, ಒಬ್ಬಳಿಗೆ ಬೇಕಾದಷ್ಟು ಪಾತ್ರೆ. ಓದಿದೆಯೆಂದು ಮನೆಯವರು ಯಾರೂ ನನ್ನನ್ನು ದೂರ ತಳ್ಳಲಿಲ್ಲ. ಮರ್ಯಾದೆ ಕೊಟ್ಟರು. ಕೊಟ್ಟು ಕೊಟ್ಟು ಎತ್ತರಕ್ಕೆ ಕೂರಿಸಿದರು. ನನ್ನನ್ನು "ಏನೇ" ಎಂದು ಕರೆಯುತ್ತಿದ್ದವರಲ್ಲಿ ಅಪ್ಪ ಅಮ್ಮ ತೀರಿಕೊಂಡರು. ಉಳಿದವಳು ಅಕ್ಕ ಒಬ್ಬಳೇ. ಅವಳು ಫೋನಿನಲ್ಲಿ ಕೇಳುವುದು, "ಚೆನ್ನಾಗಿದೀರಾ? ಊಟ ಆಯ್ತಾ?" ಆಯ್ತು ಅನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಸಂಜೆ ಮನೆಗೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಬಿಟ್ಟುಹೋದ ಲೋಟ ಬಿಟ್ಟಲ್ಲೇ ಇರುತ್ತದೆ. ಮೊನ್ನೆಮೊನ್ನೆಯವರೆಗೂ ಆಗ ನಾನು ಟೇಪ್ ರೆಕಾರ್ಡರ್ ಹಾಕುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್ಟು.

ಅದು ಹುಳುಮನೆಯ ಕ್ಯಾಸೆಟ್ಟು. ನಮ್ಮದು ರೇಷ್ಮೆ ಬೆಳೆಯುವ ಮನೆ. ವಾಸದ ಮನೆಗೆ ಅಂಟಿಕೊಂಡೇ ಉದ್ದನೆಯ ಹೆಂಚಿನ ಹುಳುಮನೆ, ಹುಳಕ್ಕೆ ರೋಗ ತಗಲದಿರಲೆಂದು ಬಾಗಿಲಲ್ಲಿ ಸುಣ್ಣದ ಪುಡಿ. ಅದನ್ನು ತುಳಿಯದೆ ಯಾರೂ ಒಳಗೆ ಬರುವಂತಿಲ್ಲ. ಹೊರಗಿನವರಂತೂ ಬರಲೇಬಾರದು. ಬೀಡಿ ಸೇದಿದವರು, ಹೂ ಮುಡಿದವರು, ಒಗ್ಗರಣೆ ವಾಸನೆ ಹೊತ್ತು ಬಂದವರು ಎಲ್ಲರಿಗೂ ತಡೆ. ಹಾಗಾಗಿ ಒಳಗೆ ಅಪ್ಪ, ಅಕ್ಕ, ನಾನು ಮೂವರೇ. ಅಮ್ಮನಿಗೆ ಒಲೆಯ ಮುಂದಿನ ಕೆಲಸವೇ ಮುಗಿಯುತ್ತಿರಲಿಲ್ಲ.

ಒಂದು ಸಲ ರೇಷ್ಮೆಗೂಡು ಮಾರಲು ಹೋದ ಅಪ್ಪ ಎರಡು ಸ್ಪೀಕರಿನ ಟೇಪು ಮತ್ತು ಈ ಕ್ಯಾಸೆಟ್ಟನ್ನು ಹೊತ್ತು ತಂದ. ಅಮ್ಮ ಬೈದಳು, "ಹುಳಕ್ಕೆ ಹಾಡು ಬೇರೆ ಕೇಡು!" ಅಪ್ಪ ಅಂದ, "ಹುಳಕ್ಕಲ್ವೇ, ಸೊಪ್ಪು ಹಾಕೋರ್ಗೆ."

ಹಾಡಿದ ಹೆಂಗಸು ಹೆಸರಾದವಳಲ್ಲ. ಅವಳ ಇನ್ನೊಂದು ಕ್ಯಾಸೆಟ್ಟು ನನಗೆ ಎಲ್ಲೂ ಸಿಗಲಿಲ್ಲ. ಒಂದು ಬದಿಗೆ ಕನ್ನಡದ ಪದಗಳು, ಇನ್ನೊಂದು ಬದಿಗೆ ತೆಲುಗಿನವು. ನಮ್ಮ ಕಡೆಯ ಮನೆಮಾತೇ ಹಾಗಲ್ಲವೇ, ಅರ್ಧ ಅದು ಅರ್ಧ ಇದು. ಜೊತೆಗೆ ಹಾರ್ಮೋನಿಯಂ, ತಬಲ, ಅಷ್ಟೇ. ಹಾಡು ಶುರುವಾಗುವ ಮೊದಲು ಹಾರ್ಮೋನಿಯಂ ಉಸಿರೆಳೆದುಕೊಳ್ಳುವ ಸದ್ದೂ ಕೇಳುತ್ತದೆ.

ಹುಳ ಕಡೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ, ಅದರ ಹಸಿವಿಗೆ ಮಿತಿಯಿಲ್ಲ. ಹಾಕಿದ ಹಿಪ್ಪುನೇರಳೆ ಸೊಪ್ಪೆಲ್ಲ ನೋಡನೋಡುತ್ತ ಕಡ್ಡಿಯಾಗುತ್ತದೆ. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕಡಿಯುವಾಗ ಚರಚರ ಸದ್ದು, ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ. ಆ ಸದ್ದಿನ ಮೇಲೆ ನಮ್ಮ ಹಾಡು ನಡೆಯುತ್ತಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ವಲ್ಪ ಖಾಲಿ ಇರುತ್ತದಲ್ಲ, ಆ ಖಾಲಿಯಲ್ಲಿ ಹುಳ ತಿನ್ನುವುದು ಜೋರಾಗಿ ಕೇಳುತ್ತಿತ್ತು. ಅಷ್ಟರಲ್ಲಿ ಅಕ್ಕ ಮುಂದಿನ ಹಾಡನ್ನು ಮೂಗಿನಲ್ಲೇ ಎತ್ತಿಕೊಂಡುಬಿಡುತ್ತಿದ್ದಳು, ಕ್ಯಾಸೆಟ್ಟಿಗಿಂತ ಮುಂಚೆ. ಹುಳ ಜ್ವರಕ್ಕೆ ಕೂತ ದಿನ ಸೊಪ್ಪಿಲ್ಲ, ಹಾಡೂ ಇಲ್ಲ. ಅಪ್ಪ ಟೇಪಿನ ಮೇಲೆ ಟವೆಲ್ಲು ಹೊದಿಸಿ, "ಅದೂ ಮಲಗ್ಲಿ" ಅನ್ನುತ್ತಿದ್ದ.

ಅಕ್ಕನನ್ನು ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರು. ನನ್ನನ್ನು ಬಿಡಿಸಲಿಲ್ಲ. ಬಾಗಿಲ ಬಳಿ ಬೆಳಕಿದ್ದಲ್ಲಿ ಗೋಣಿಚೀಲ ಹಾಸಿಕೊಂಡು ನಾನು ಓದುತ್ತಿದ್ದೆ. ಟೇಪು ನನ್ನ ಪಕ್ಕದಲ್ಲೇ. ಅವರಿಬ್ಬರ ಕೈತುಂಬ ಸೊಪ್ಪು, ಹಾಗಾಗಿ ಕ್ಯಾಸೆಟ್ಟು ತಿರುಗಿಸಿ ಹಾಕುವುದು ನನ್ನ ಕೆಲಸ. ಒಂದು ಬದಿ ಮುಗಿದು ಟಕ್ ಅನ್ನುವುದೇ ತಡ, ಹುಳದ ತಟ್ಟೆಗಳ ಸಾಲಿನ ಆ ಕಡೆಯಿಂದ ಅಕ್ಕನ ಕೂಗು ಬರುತ್ತಿತ್ತು: "ಏಳೇ, ತಿರುಗ್ಸು!" ಓದುವ ಭರದಲ್ಲಿ ನನಗೆ ಕೇಳದೆ ಹೋದರೆ ಸೊಪ್ಪಿನ ಕಡ್ಡಿ ಬಂದು ಬೆನ್ನಿಗೆ ಬೀಳುತ್ತಿತ್ತು.

ಎರಡನೇ ಬದಿಯ ಕೊನೆಯ ಹಾಡಿಗೆ ಮೊದಲು ಆ ಹೆಂಗಸು ಒಂದು ಸಲ ಕೆಮ್ಮುತ್ತಾಳೆ. ಸಣ್ಣ ಕೆಮ್ಮು, ಗಂಟಲು ಸರಿಮಾಡಿಕೊಂಡಂತೆ. ಅದನ್ನು ಯಾಕೆ ಕತ್ತರಿಸದೆ ಬಿಟ್ಟರೋ ಗೊತ್ತಿಲ್ಲ. ಪ್ರತಿ ಸಲವೂ ಅಪ್ಪ ತಲೆಯೆತ್ತದೆ ಹೇಳುತ್ತಿದ್ದ, "ಒಸಿ ನೀರು ಕುಡ್ಯಮ್ಮ ತಾಯಿ." ಪ್ರತಿ ಸಲವೂ ನಾವಿಬ್ಬರೂ ನಗುತ್ತಿದ್ದೆವು. ಅವಳು ನೀರು ಕುಡಿದವಳ ಹಾಗೆಯೇ ಹಾಡು ಎತ್ತುತ್ತಿದ್ದಳು.

ಅಕ್ಕ ಮದುವೆಯಾಗಿ ಹೋದಳು. ಅಪ್ಪ ಹೋದ ಮೇಲೆ ಚಿಕ್ಕಪ್ಪ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿದರು, ಹುಳುಮನೆಗೆ ಟೊಮೆಟೊ ಕ್ರೇಟು ತುಂಬಿದರು. ಆ ದಿನ ಅಲ್ಲಿದ್ದವಳು ನಾನು, ಟೇಪನ್ನೂ ಕ್ಯಾಸೆಟ್ಟನ್ನೂ ಎತ್ತಿಕೊಂಡು ಬಂದೆ. ಯಾರೂ ಕೇಳಲಿಲ್ಲ. ಅಂದಿನಿಂದ ಅದು ನನ್ನದು ಎಂದೇ ತಿಳಿದುಕೊಂಡಿದ್ದೆ.

ಮೊನ್ನೆ ಬೇಸಗೆಯಲ್ಲಿ ಟೇಪಿನ ಬೆಲ್ಟು ಹೋಯಿತು. ರಿಪೇರಿ ಎಲ್ಲಿ ಮಾಡಿಸುವುದು ಎಂದು ಕಚೇರಿಯಲ್ಲಿ ವಿಚಾರಿಸಿದೆ. ಪಕ್ಕದ ಟೇಬಲ್ಲಿನ ಹೊಸ ಹುಡುಗಿ ಬಿದ್ದು ಬಿದ್ದು ನಕ್ಕಳು. "ಮೇಡಂ, ಅದನ್ನ ಮ್ಯೂಸಿಯಂಗೆ ಕೊಟ್ಬಿಡಿ. ಈಗ ಯಾರ್ ಮೇಡಂ ಕ್ಯಾಸೆಟ್ ಇಟ್ಕೊತಾರೆ? ಯಾವ್ ಹಾಡು ಹೇಳಿ." ಹೇಳಿದೆ. ಎರಡು ನಿಮಿಷದಲ್ಲಿ ಹುಡುಕಿ ನನ್ನ ಫೋನಿಗೇ ಹಾಕಿಕೊಟ್ಟಳು. ಯಾರೋ ಪುಣ್ಯಾತ್ಮರು ಎಲ್ಲ ಹಾಡನ್ನೂ ಸೋಸಿ, ಸ್ವಚ್ಛ ಮಾಡಿ ಇಟ್ಟಿದ್ದಾರೆ.

ಸಂಜೆ ಕೇಳಿದೆ. ದನಿ ಸ್ಪಷ್ಟವಾಗಿತ್ತು, ನಮ್ಮ ಟೇಪಿನಲ್ಲಿ ಎಂದೂ ತಿಳಿಯದ ಪದಗಳೂ ತಿಳಿದವು. ಆದರೆ ಹಾಡುಗಳು ಹಿಂದುಮುಂದಾಗಿದ್ದವು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತಿತ್ತು, ನಡುವಿನ ಖಾಲಿಯೇ ಇಲ್ಲ. ಕೆಮ್ಮೂ ಇಲ್ಲ. ಎಲ್ಲ ಮುಗಿದ ಮೇಲೆ ತಾನೇ ಮತ್ತೆ ಮೊದಲಿನಿಂದ ಶುರುವಾಯಿತು. ನಾನು ಏಳಬೇಕಾಗಿಯೇ ಇರಲಿಲ್ಲ. ಕತ್ತಲಾಗುವವರೆಗೂ ಅದು ಹಾಡುತ್ತಲೇ ಇತ್ತು, ನಾನು ಕೂತೇ ಇದ್ದೆ. ಕಾಲಕ್ಕೆ ಹಳತಾಗದ ಹಾಡು ಯಾವುದು ಅಂದರೆ ದೊಡ್ಡವರು ರಾಗ, ಸಾಹಿತ್ಯ, ಕಂಠ ಎಂದೆಲ್ಲ ಹೇಳುತ್ತಾರೆ. ಇರಬಹುದು. ಅವೆಲ್ಲ ಫೋನಿನಲ್ಲೂ ಇದ್ದವು. "ಏಳೇ" ಅನ್ನಲು ಮಾತ್ರ ಅಲ್ಲಿ ಯಾರಿಗೂ ಎಡೆಯಿರಲಿಲ್ಲ.

ಬೆಲ್ಟು ಹಾಕಿಸಿದೆ. ಭಾನುವಾರ ಟೇಪನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅಕ್ಕನಿಗೆ ಮರೆತೇಹೋಗಿದ್ದರೆ? "ಒಳ್ಳೇದು, ಚೆನ್ನಾಗಿದೆ" ಎಂದು ಮರ್ಯಾದೆಗೆ ಹೇಳಿಬಿಟ್ಟರೆ? ಹಾಗಾದರೆ ಆ ಹುಳುಮನೆ ನನ್ನೊಬ್ಬಳ ತಲೆಯೊಳಗೆ ಮಾತ್ರ ಉಳಿದಂತೆ. ಆ ಹೆದರಿಕೆಗೆ ಒಂದೆರಡು ಸಲ ಇಳಿದುಬಿಡೋಣ ಅನ್ನಿಸಿತು.

ಮಾವಿನ ಕಾಲ. ಭಾವ ಕಾಯಿ ತುಂಬಿಸಿಕೊಂಡು ಮಂಡಿಗೆ ಹೋಗಿದ್ದರು. ಅತ್ತೆ ಯಾರದೋ ಮನೆಯ ಹೊಸ ಮಗುವನ್ನು ನೋಡಲು ಹೋಗಿದ್ದರು. ಅಕ್ಕ ನಡುಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು, ಒದ್ದೆ ಕೈಯಲ್ಲೇ ಕುರ್ಚಿ ಎಳೆದು ಹಾಕಿದಳು. "ಕೂತ್ಕೊಳಿ. ಫೋನ್ ಮಾಡ್ಬಾರ್ದಿತ್ತಾ? ಏನಾದ್ರೂ ಮಾಡಿಡ್ತಿದ್ದೆ."

ಕೂತೆ. ಟೇಪನ್ನು ಹೊರತೆಗೆದು ಕುರ್ಚಿಯ ಪಕ್ಕದ ಪ್ಲಗ್ಗಿಗೆ ಹಾಕಿದೆ. ಅವಳು ಅದನ್ನು ನೋಡಿದಳು. ಮತ್ತೆ ಈಳಿಗೆಮಣೆಗೆ ಬಗ್ಗಿದಳು. ಹಾರ್ಮೋನಿಯಂ ಉಸಿರೆಳೆದುಕೊಂಡಿತು.

ಮೊದಲ ಹಾಡು ಮುಗಿಯಿತು. ಆ ಖಾಲಿಯಲ್ಲಿ ಮಾವು ಕಚಕ್ ಕಚಕ್ ಎಂದು ಹೋಳಾಗುವ ಸದ್ದು. ಅಕ್ಕ ಸುಮ್ಮನಿದ್ದಳು. ಎರಡನೆಯದೂ ಮುಗಿಯಿತು. ಸುಮ್ಮನೇ ಇದ್ದಳು. ಮರೆತಿದ್ದಾಳೆ ಅಂದುಕೊಂಡೆ, ನಿಲ್ಲಿಸಲೆಂದು ಕೈಯನ್ನೂ ಚಾಚಿದೆ. ಮೂರನೆಯ ಹಾಡಿನ ಕೊನೆಗೆ, ಕ್ಯಾಸೆಟ್ಟಿನ್ನೂ ಬಾಯಿ ಬಿಡುವ ಮೊದಲೇ, ಅವಳ ಮೂಗಿನಿಂದ ನಾಲ್ಕನೆಯದು ಹೊರಟಿತು. ಬಗ್ಗಿಸಿದ ತಲೆ ಎತ್ತಿರಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಬದಿ ಮುಗಿದು ಟಕ್ ಅಂದಿತು.

"ಏಳೇ, ತಿರುಗ್ಸು! ಮಹಾರಾಣಿ ಥರ ಕೂತವ್ಳೆ ನೋಡು!"

ಅಂದ ಮೇಲೆ ಅವಳಿಗೇ ಗಾಬರಿಯಾಗಿ ಮುಖ ಎತ್ತಿದಳು. ಅವಳು ಆ ಮಾತನ್ನು ವಾಪಸು ತೆಗೆದುಕೊಳ್ಳುವ ಮೊದಲೇ ನಾನು ಎದ್ದುಬಿಟ್ಟಿದ್ದೆ. ಕ್ಯಾಸೆಟ್ಟು ತಿರುಗಿಸಿ ಹಾಕಿ ಕೆಳಗೆ, ಮಾವಿನ ಹೋಳುಗಳ ಪಕ್ಕದಲ್ಲಿ ಕೂತೆ. ಓಟೆ ಬಿಡಿಸಲು ಒಂದು ಪಾತ್ರೆ ನನ್ನ ಕಡೆ ತಳ್ಳಿದಳು. "ಸೀರೆ ಮೇಲೆ ಸೊನೆ ಬೀಳುತ್ತೆ ಕಣೇ, ನೋಡ್ಕೊ" ಅಂದಳು. ನಾನು ಓಟೆ ಬಿಡಿಸತೊಡಗಿದೆ. ಕೊನೆಯ ಹಾಡಿಗೆ ಮುಂಚೆ ಆ ಹೆಂಗಸು ಕೆಮ್ಮಿದಳು. ಇಬ್ಬರೂ ಕೆಲಸ ನಿಲ್ಲಿಸಿದೆವು. ಅಪ್ಪ ಹೇಳಬೇಕಾದ ಮಾತಿಗೆ ಕಾದೆವೇನೋ. ಆಮೇಲೆ ಅಕ್ಕನೇ ಸಣ್ಣ ದನಿಯಲ್ಲಿ ಹೇಳಿದಳು, "ಒಸಿ ನೀರು ಕುಡ್ಯಮ್ಮ ತಾಯಿ." ನಗು ಬರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ನಾನು ನೆಲದ ಮೇಲೆ ಕೂತದ್ದನ್ನು ನೋಡಿ ಬಾಯಿ ಬಡಿದುಕೊಂಡರು, ಸೊಸೆಯನ್ನು ಗದರಿದರು. ಕುರ್ಚಿ ಮತ್ತೆ ಬಂತು. ಅಕ್ಕ ಕಾಫಿ ತಂದು, "ತಗೊಳಿ" ಅಂದಳು. ನಾನು ಕುರ್ಚಿಯ ಮೇಲೆ ಕೂತೇ ಕುಡಿದೆ.

ಬಸ್ಸಿಗೆ ಬಿಡಲು ಬಂದವಳು ಅರಳಿಕಟ್ಟೆಯ ಹತ್ತಿರ ನಿಂತು, ಸುತ್ತ ಒಂದು ಸಲ ನೋಡಿ, "ಆ ಕ್ಯಾಸೆಟ್ಟು ಕೊಡು" ಅಂದಳು.

"ಇಲ್ಲಿ ಟೇಪಿಲ್ವಲ್ಲಕ್ಕ, ಹೆಂಗ್ ಕೇಳ್ತೀಯ?"

"ಟೇಪು ನಿನ್ಹತ್ರಾನೇ ಇರ್ಲಿ. ಕೇಳ್ಬೇಕು ಅನ್ಸಿದ್ರೆ ಹೊತ್ಕೊಂಡ್ ಬಾ."

ಕೊಡಲು ಮನಸ್ಸಿರಲಿಲ್ಲ, ನಿಜ ಹೇಳುತ್ತೇನೆ. ಎಷ್ಟೋ ಸಂಜೆಗಳನ್ನು ಅದರ ಜೊತೆ ಕಳೆದವಳು. ಕೊಟ್ಟೆ. ಅದನ್ನು ಸೆರಗಿನ ತುದಿಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೋಲಾರಕ್ಕೆ ಬಂದು ಬೀಗ ತೆಗೆದೆ. ಲೋಟ ಬಿಟ್ಟಲ್ಲೇ ಇತ್ತು. ಟೇಪನ್ನು ಅದರ ಜಾಗದಲ್ಲಿಟ್ಟು, ಅಭ್ಯಾಸದಿಂದ ಗುಂಡಿ ಒತ್ತಿದೆ. ಕ್ಯಾಸೆಟ್ಟಿಲ್ಲದ ಗೂಡಿನಲ್ಲಿ ಚಕ್ರಗಳು ಸುಮ್ಮನೆ ತಿರುಗಿದವು, ಸಣ್ಣಗೆ ಸದ್ದು ಮಾಡುತ್ತ. ಸ್ವಲ್ಪ ಹೊತ್ತು ಹಾಗೇ ತಿರುಗಲು ಬಿಟ್ಟೆ.