ಪಂಪಿನ ಸೀಸದ ಮುದ್ರೆ

ಟ್ರ್ಯಾಕ್ಟರು ಕೊಳ್ಳುವ ಮೊದಲು ನನಗೆ ಸಿಟ್ಟೇ ಬರುತ್ತಿರಲಿಲ್ಲ ಎಂದರೆ ನನ್ನ ಹೆಂಡತಿ ನಗುತ್ತಾಳೆ. ಬರುತ್ತಿತ್ತು, ಆದರೆ ಕಚೇರಿ ಗುಮಾಸ್ತನ ಸಿಟ್ಟಿಗೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಯಜಮಾನನಾದ ಮೇಲೆ ಅದನ್ನು ಸಹಿಸಿಕೊಳ್ಳಲು ಒಬ್ಬರು ಸಿಕ್ಕಿದರು, ನನ್ನ ಡ್ರೈವರು.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನ ದಕ್ಷಿಣಕ್ಕೆ, ವಿದ್ಯಾರಣ್ಯಪುರಂ ಕಡೆ, ಹೊಲಗಳು ಸೈಟುಗಳಾಗುತ್ತಿದ್ದವು. ದಿಬ್ಬ ಕಡಿದು ಹಳ್ಳ ತುಂಬುವ ಕೆಲಸ ಬೇಕಾದಷ್ಟಿತ್ತು. ಗುಮಾಸ್ತಗಿರಿ ಬಿಟ್ಟು, ಇದ್ದಬದ್ದದ್ದನ್ನೆಲ್ಲ ಸುರಿದು, ಮುಂದೆ ಮಣ್ಣು ತಳ್ಳುವ ಹಲಗೆಯಿದ್ದ ಡೀಸೆಲ್ ಟ್ರ್ಯಾಕ್ಟರು ತಂದೆ. ಡ್ರೈವರು ನಜರ್‌ಬಾದಿನವರು, ಯುದ್ಧಕಾಲದಲ್ಲಿ ಸೈನ್ಯದ ಲಾರಿ ಓಡಿಸಿದ್ದವರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಾದರೂ ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಬೆಳಿಗ್ಗೆ ಬಂದವರೇ ಎಂಜಿನ್ನಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. "ಏನು, ಜ್ವರ ಇದೆಯಾ?" ಎಂದು ನಾನು ರೇಗಿಸುತ್ತಿದ್ದೆ.

ಆಯುಧಪೂಜೆ ಕಳೆದು ತಿಂಗಳಾಗಿತ್ತು. ಮಟಮಟ ಮಧ್ಯಾಹ್ನ ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂಥ ಸದ್ದಾಯಿತು. ಕರಿ ಹೊಗೆ ಬಂತು, ನಿಂತುಹೋಯಿತು. ಹ್ಯಾಂಡಲ್ ಹಾಕಿ ಇಬ್ಬರು ತಿರುಗಿಸಿದರೂ ಮಿಸುಕಲಿಲ್ಲ. ಕೊನೆಗೆ ಎರಡು ಜೊತೆ ಎತ್ತು ಕಟ್ಟಿ, ಟ್ರ್ಯಾಕ್ಟರು ಮಾರಿದ್ದ ಏಜೆಂಟರ ಷೆಡ್ಡಿಗೆ ಎಳೆಸಬೇಕಾಯಿತು.

"ಎತ್ತಿನ ಕೆಲ್ಸ ಕಿತ್ಕೊಳ್ಳಾಕೆ ಬಂದಿತ್ತು, ಈಗ ಎತ್ತೇ ಬೇಕಾಯ್ತು ಕಣ್ರೀ," ಎಂದ ದಾರಿಯಲ್ಲೊಬ್ಬ. ನಾನು ನಗಲಿಲ್ಲ.

ನನಗಿದ್ದ ಒಂದೇ ಆಸೆ ಕಂಪನಿಯ ಗ್ಯಾರಂಟಿ. ವರ್ಷದೊಳಗೆ ಎಂಜಿನ್ ಕೆಟ್ಟರೆ, ತಪ್ಪು ತಯಾರಿಕೆಯದಾದರೆ, ಕಂಪನಿಯೇ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ತಪ್ಪು ನಮ್ಮದಾದರೆ ನಾನು ಆ ಟ್ರ್ಯಾಕ್ಟರನ್ನು ಗುಜರಿಗೆ ಹಾಕಿ ಮತ್ತೆ ಯಾರದಾದರೂ ಕಚೇರಿಯ ಬಾಗಿಲು ತಟ್ಟಬೇಕು.

ಮದರಾಸಿನಿಂದ ಕಂಪನಿಯ ಎಂಜಿನಿಯರು ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಎಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ ಡೀಸೆಲ್ ಪಂಪಿನ ಹತ್ತಿರ ಬಗ್ಗಿದರು. ಅಲ್ಲಿದ್ದ ಅರಿಶಿನದ ದಾರವನ್ನು ಬೆರಳಲ್ಲಿ ಎತ್ತಿ ಕೇಳಿದರು: "ಇಲ್ಲಿದ್ದ ಸೀಲ್ ಎಲ್ಲಿ?"

ಕಾರ್ಖಾನೆಯಲ್ಲಿ ಪಂಪಿನ ತಿರುಪುಗಳಿಗೆ ತಂತಿ ಸುತ್ತಿ, ತುದಿಗೆ ಸೀಸದ ಗುಂಡು ಒತ್ತಿ ಮುದ್ರೆ ಹಾಕಿರುತ್ತಾರೆ. ಅದನ್ನು ಕಿತ್ತು ತಿರುಪು ತಿರುಗಿಸಿದರೆ ಡೀಸೆಲ್ ಹೆಚ್ಚು ಹರಿಯುತ್ತದೆ, ಬಲ ಹೆಚ್ಚುತ್ತದೆ, ಕೊನೆಗೊಂದು ದಿನ ಪಿಸ್ಟನ್ ಸುಡುತ್ತದೆ. ಮುದ್ರೆ ಇಲ್ಲವೆಂದರೆ ಗ್ಯಾರಂಟಿಯೂ ಇಲ್ಲ.

ನಾನು ಡ್ರೈವರ ಕಡೆ ತಿರುಗಿದೆ. "ಪಂಪಿಗೆ ಕೈ ಹಾಕಿದೆಯಾ?"

"ಇಲ್ಲ ಸ್ವಾಮಿ. ಹಬ್ಬ ಮುಗುಸ್ಕೊಂಡು ಬಂದ ದಿನಾನೇ ಸೀಲ್ ಕಾಣ್ತಿಲ್ಲ ಅಂತ ನಿಮ್ಗೆ ಏಳಿದ್ನಲ್ಲ."

ಹೇಳಿದ್ದರು, ನಿಜ. ನಾನು ಯಾರದೋ ಸೈಟಿನ ಅಳತೆಯ ಗಡಿಬಿಡಿಯಲ್ಲಿ "ಆಯ್ತು ಬಿಡು" ಅಂದಿದ್ದೆ. ಈಗ ಅದು ನೆನಪಾಗಿ ಸಿಟ್ಟು ಇಳಿಯುವ ಬದಲು ಏರಿತು.

"ಮೊದಲೇ ಹೇಳಿ ತಪ್ಪಿಸ್ಕೊಳ್ಳೋಕೆ ದಾರಿ ಮಾಡ್ಕೊಂಡಿದ್ದೀಯ. ಬೇಗ ಕೆಲಸ ಮುಗಿಸೋಕೆ ನೀನೇ ತಿರುಗಿಸಿದೀಯ. ನನ್ನ ಮನೆ ಹಾಳು ಮಾಡಿದೆ. ನಾಳೆಯಿಂದ ಬರಬೇಡ."

ಎಂಜಿನಿಯರು, ಏಜೆಂಟರು, ಷೆಡ್ಡಿನ ಫಿಟ್ಟರುಗಳು ಎಲ್ಲರೂ ನೋಡುತ್ತಿದ್ದರು. ಡ್ರೈವರು ಸ್ಪ್ಯಾನರುಗಳ ಗಂಟನ್ನು ಸೀಟಿನ ಮೇಲಿಟ್ಟು, ಕೈ ಒರೆಸಿಕೊಂಡು ಹೊರಟರು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಅರಚಿ ಹೇಳಿದೆ. ಅಮ್ಮ ಅಡಕೆ ಕತ್ತರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಸೀಸದ ಗುಂಡು ಅಂದ್ಯಾ? ತುಕ್ಕು ತಂತೀಲಿ ನೇತಾಡ್ತಿತ್ತಲ್ಲ, ಅದಾ? ನಾನೇ ತೆಗೆದದ್ದು ಕಣೋ."

ಆಯುಧಪೂಜೆಯ ದಿನ ಡ್ರೈವರಿಗೆ ರಜೆ ಕೊಟ್ಟಿದ್ದೆ. ಅಮ್ಮ ದೇವರ ಪಾತ್ರೆ ಬೆಳಗುವ ಹಾಗೆ ತೆಂಗಿನ ನಾರು, ಸೀಗೆಪುಡಿ ಹಿಡಿದು ಎಂಜಿನ್ನನ್ನು ಉಜ್ಜಿದ್ದಳು. ತಂತಿ ಬೆರಳಿಗೆ ಚುಚ್ಚಿತ್ತು. ಪೂಜೆಗೆ ಇಡುವ ಯಂತ್ರಕ್ಕೆ ಇದೆಂಥ ತುಕ್ಕು ಎಂದು ಇದೇ ಅಡಕತ್ತರಿಯಲ್ಲಿ ಕತ್ತರಿಸಿ, ಜಾಗ ಬೋಳಾಗಬಾರದೆಂದು ಅರಿಶಿನದ ದಾರ ಕಟ್ಟಿದ್ದಳು. ಅಕ್ಷರ ಒತ್ತಿದ ಗುಂಡನ್ನು ಎಸೆಯಲು ಮನಸ್ಸಾಗದೆ ಕುಂಕುಮದ ಭರಣಿಯಲ್ಲಿ ಹಾಕಿಟ್ಟಿದ್ದಳು.

ನಾನು ಭರಣಿ ತೆರೆದು ನೋಡಿದೆ; ಗುಂಡು ಅಲ್ಲೇ ಇತ್ತು.

ಮರುದಿನ ಅಮ್ಮ ಜಟಕಾ ಹತ್ತಿ ನನ್ನ ಜೊತೆಗೇ ಷೆಡ್ಡಿಗೆ ಬಂದಳು. ಭರಣಿಯನ್ನು ಎಂಜಿನಿಯರ ಮುಂದಿಟ್ಟು, "ತಪ್ಪು ನಂದು ಸ್ವಾಮಿ, ಅವರ್ಯಾರದೂ ಅಲ್ಲ," ಎಂದಳು. ಅವರು ಕುಂಕುಮ ಕೊಡವಿ ಗುಂಡಿನ ಮೇಲಿನ ಸಂಖ್ಯೆಯನ್ನು ತಮ್ಮ ಪುಸ್ತಕದ ಜೊತೆ ತಾಳೆ ನೋಡಿದರು.

"ಗುಂಡು ನಮ್ಮದೇ. ಆದರೆ ತಂತಿ ಕತ್ತರಿಸಿದ ಮೇಲೆ ಯಾರು ಬೇಕಾದರೂ ತಿರುಪು ತಿರುಗಿಸಿರಬಹುದು. ಪಂಪೇ ಹೇಳಬೇಕು," ಎಂದರು.

ಪಂಪು ಬಿಚ್ಚಿ ಪರೀಕ್ಷೆಯ ಯಂತ್ರಕ್ಕೆ ಕೂರಿಸಿದರು. ಮೂರು ಗಾಜಿನ ನಳಿಗೆಗಳು, ಅವುಗಳ ಮೇಲೆ ಗೆರೆ. ಡೀಸೆಲ್ ಗೆರೆ ದಾಟಿದರೆ ತಿರುಪು ತಿರುಗಿದೆ ಎಂದರ್ಥ. ಯಂತ್ರ ಗಿರಗಿರ ತಿರುಗಿತು, ನಳಿಗೆಗಳಲ್ಲಿ ಡೀಸೆಲ್ ಏರತೊಡಗಿತು. ಅಮ್ಮ ಕಣ್ಣು ಮುಚ್ಚಿದ್ದಳು. ನಾನು ಮುಚ್ಚಲಾರದೆ ನೋಡುತ್ತಿದ್ದೆ. ಒಂದು ನಿಂತಿತು, ಇನ್ನೊಂದು ನಿಂತಿತು. ಮೂರನೆಯದು ಇನ್ನೂ ಏರುತ್ತಿದೆ ಅನ್ನಿಸಿತು. ಎಂಜಿನಿಯರು ಬಗ್ಗಿ ಮೂರನ್ನೂ ಕಣ್ಣಿನ ಮಟ್ಟಕ್ಕೆ ನೋಡಿದರು.

"ಮೂರೂ ಗೆರೆಗೆ ಸರಿಯಾಗಿವೆ. ತಿರುಪನ್ನು ಯಾರೂ ಮುಟ್ಟಿಲ್ಲ."

ಆಮೇಲೆ ಎಂಜಿನ್ ಬಿಚ್ಚಿದರು. ಎಣ್ಣೆ ಹರಿಯುವ ಒಂದು ರಂಧ್ರದಲ್ಲಿ ಎರಕದ ಮರಳು ಗಟ್ಟಿಯಾಗಿ ಕೂತಿತ್ತು. ಕಾರ್ಖಾನೆಯಲ್ಲಿ ಎರಕ ಹೊಯ್ದ ಮೇಲೆ ತೆಗೆಯದೆ ಬಿಟ್ಟದ್ದು. ಎಣ್ಣೆಯಿಲ್ಲದೆ ಒಂದು ಪಿಸ್ಟನ್ ಸುಟ್ಟು ಹಿಡಿದುಕೊಂಡಿತ್ತು. ಎಂಜಿನಿಯರು ಆ ಮರಳನ್ನು ಕಾಗದದಲ್ಲಿ ಮಡಚಿಟ್ಟುಕೊಂಡು, ದುರಸ್ತಿಯೆಲ್ಲ ಕಂಪನಿಯ ಲೆಕ್ಕಕ್ಕೆ ಎಂದು ಬರೆದು ಸಹಿ ಹಾಕಿದರು. ನಾನು ಅಳುವುದೊಂದು ಬಾಕಿ.

ಅಮ್ಮ ಭರಣಿ ಮುಚ್ಚಿದಳು. "ಈಗ ಆ ಮನುಷ್ಯನ್ನ ಹೋಗಿ ಕರ್ಕೊಂಡ್ ಬಾ," ಎಂದಳು.

ಹೋಗಲು ನನಗೆ ಮೂರು ವಾರ ಬೇಕಾಯಿತು. ಎಂಜಿನ್ ಸಿದ್ಧವಾಗಲಿ ಎಂಬುದು ನೆಪ, ನಾಚಿಕೆ ಅಸಲು. ನಜರ್‌ಬಾದಿನ ಮನೆಯ ಜಗಲಿಯ ಮೇಲೆ ಅವರು ಗಡ್ಡ ಹೆರೆದುಕೊಳ್ಳುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, "ತಪ್ಪಾಯ್ತು, ಬನ್ನಿ," ಎಂದೆ. ಅವರು ಮುಖ ಒರೆಸಿಕೊಂಡು ಕ್ಷೌರದ ಕತ್ತಿಯನ್ನು ಮಡಚಿಟ್ಟರು.

"ಎಂಜಿನ್ ಕೆಟ್ಟಾಗ ಮದರಾಸಿಂದ ಬಂದು ಬಿಚ್ಚಿ ನೋಡುದ್ರು, ಅಳ್ದು ನೋಡುದ್ರು. ಆಮೇಲೆ ತಾನೇ ತಪ್ಪು ಯಾರ್ದು ಅಂದಿದ್ದು? ನನ್ನ ನೀವು ಅಷ್ಟೂ ನೋಡ್ಲಿಲ್ಲ ಸ್ವಾಮಿ. ಎಲ್ರ ಮುಂದೆ ಅಂದ್ಬುಟ್ರಿ."

ನಾನು ಎದ್ದು ಮೆಟ್ಟಿಲಿಳಿದೆ. ಹಿಂದಿನಿಂದ ಅವರ ದನಿ ಬಂತು.

"ಒಸಾ ಪಿಸ್ಟನ್ನು. ಮೊದಲ್ನೇ ಐವತ್ತು ಗಂಟೆ ಜೋರು ಮಾಡ್ಬ್ಯಾಡಿ. ಬೆಳಿಗ್ಗೆ ಕೈಯಿಟ್ಟು ನೋಡಿ."

ಆ ಐವತ್ತು ಗಂಟೆ ನಾನೇ ಓಡಿಸಿದೆ. ಪ್ರತಿ ಬೆಳಿಗ್ಗೆ ಎಂಜಿನ್ನಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ. ಏನು ನೋಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.