ಸಾಲಿನ ಕಡೆಯ ಗಾಡಿ

ನನ್ನ ಬೆನ್ನ ಹಿಂದೆ ಯಾರಾದರೂ ನಿಂತರೆ ನನಗೆ ಆಗಿಬರುವುದಿಲ್ಲ. ನಾನು ಓದುತ್ತಿರುವ ಪೇಪರಿನಲ್ಲಿ ಹಿಂದಿನಿಂದ ಯಾರಾದರೂ ಇಣುಕಿದರೆ ಪೇಪರನ್ನೇ ಅವರ ಕೈಗೆ ಕೊಟ್ಟು ಎದ್ದುಬಿಡುತ್ತೇನೆ. ಎಟಿಎಮ್ಮಿನಲ್ಲಿ ಹಿಂದೊಬ್ಬರು ಕೆಮ್ಮಿದರೆ ಸಾಕು, ನನ್ನ ಗುಟ್ಟಿನ ನಂಬರು ನನಗೇ ಮರೆತುಹೋಗುತ್ತದೆ. ಇಂಥವನು ಐವತ್ತು ದಾಟಿದ ಮೇಲೆ ಮೋಟರ್‌ಸೈಕಲ್ ಕ್ಲಬ್ಬು ಸೇರಿದ್ದು ಮೊದಲು ನನ್ನ ಹೆಂಡತಿ ಶೈಲಾಳಿಗೆ ಆಘಾತ, ಆಮೇಲೆ ನನ್ನ ಸೊಂಟಕ್ಕೆ.

ಎರಡನೆಯ ಶನಿವಾರ ಬೆಳಿಗ್ಗೆ ದೇಶಪಾಂಡೆ ನಗರದಲ್ಲಿ ಎಲ್ಲರೂ ಕೂಡಿದಾಗ ನನಗೇ ದಿಗಿಲಾಯಿತು. ಮೊಣಕಾಲಿಗೆ ಕವಚ, ಎದೆಗೆ ಕವಚ, ಗಡಿಗೆ ಹೊರಟವರಂತೆ ನಿಂತಿದ್ದಾರೆ. ನಾನು ಶೈಲಾ ಹೆಣೆದ ಸ್ವೆಟರಿನಲ್ಲಿ ಹೋಗಿದ್ದೆ. ಕ್ಲಬ್ಬಿನ ಕ್ಯಾಪ್ಟನ್ ರೋಹಿಣಿ ದಂತವೈದ್ಯೆ. ನನ್ನ ದವಡೆ ಹಲ್ಲು ಕಿತ್ತವರು ಅವರೇ. ಅವರೆದುರು ನಿಂತರೆ ಈಗಲೂ ಬಾಯಿ ತಾನಾಗಿ ತೆರೆಯುತ್ತದೆ.

"ಯಾರೂ ಯಾರನ್ನೂ ಹಿಂದ ಹಾಕೂಹಂಗಿಲ್ಲ," ಎಂದರು ರೋಹಿಣಿ. "ನಿಮ್ಮ ಹಿಂದಿನವರು ನಿಮ್ಮ ಕನ್ನಡ್ಯಾಗ ಕಾಣಬೇಕು. ಕಾಣಲಿಲ್ಲಂದ್ರ ನಿಲ್ರಿ."

ಎಲ್ಲರಿಗಿಂತ ನಿಧಾನ ಓಡಿಸುವವನು ನಾನೇ ಆದ್ದರಿಂದ ನನ್ನ ಜಾಗ ಹಿಂದೆ. ನನಗಿಂತಲೂ ಹಿಂದೆ, ಸಾಲಿನ ಕಟ್ಟಕಡೆಗೆ, ಡೇನಿಯಲ್ ಸರ್. ಮಿಶನ್ ಸಾಲೆಯಲ್ಲಿ ಪಿ.ಟಿ. ಮಾಸ್ತರರಾಗಿದ್ದು ನಿವೃತ್ತರಾದವರು, ಈಗ ಗೋಪನಕೊಪ್ಪದಲ್ಲಿ ಮನೆ. ಪ್ರತಿ ಸವಾರಿಯಲ್ಲೂ ಕಡೆಯವರು ಅವರೇ. ಯಾರದಾದರೂ ಗಾಡಿ ಕೆಟ್ಟರೆ, ಯಾರಾದರೂ ಬಿದ್ದರೆ, ಅವರು ನೋಡಿಕೊಳ್ಳುತ್ತಾರೆ. ಸ್ವಾತಂತ್ರ್ಯ ದಿನದ ಪ್ರಭಾತಫೇರಿಯಲ್ಲಿ ಮಕ್ಕಳ ಸಾಲಿನ ಹಿಂದೆ ನಡೆದು ಬಂದ ರೂಢಿಯಂತೆ.

ಕಲಘಟಗಿ ದಾಟಿ ಒಳದಾರಿ ಹಿಡಿದೆವು. ಅದು ರಸ್ತೆಯಲ್ಲ, ಯಾರೋ ಸಿಟ್ಟಿನಲ್ಲಿ ಬಿಸಾಕಿದ ಹಗ್ಗ. ಒಂದು ತಿರುವಿನಲ್ಲಿ ಎಮ್ಮೆ, ಇನ್ನೊಂದರಲ್ಲಿ ಕಬ್ಬಿನ ಟ್ರ್ಯಾಕ್ಟರು, ಮೂರನೆಯದರಲ್ಲಿ ನನ್ನ ಕುಲದೈವ ಕಣ್ಣೆದುರಿಗೆ ಬಂತು. ಇಷ್ಟರ ನಡುವೆ ಕನ್ನಡಿಯಲ್ಲಿ ಆ ಡೇನಿಯಲ್ ಸರ್ ಅವರ ದೀಪ. ನಾನು ನಿಧಾನ ಮಾಡಿದರೆ ಅದೂ ನಿಧಾನ. ನನ್ನ ಒಂದೊಂದು ಅಂಜಿಕೆಯನ್ನೂ ಹಿಂದೆ ಕೂತು ನೋಡುತ್ತಿದ್ದಾರಲ್ಲ ಎಂದು ಬೆವರಿಳಿಯಿತು. ಕಡೆಗೊಮ್ಮೆ ಗಾಡಿ ನಿಲ್ಲಿಸಿಯೇಬಿಟ್ಟೆ.

"ನೀವು ಮುಂದ ಹೋಗ್ರಿ ಸರ್."

"ನೀವು ಅರಾಮ ನಡೀರಿ. ನಾ ಹಿಂದ ಅದೇನಿ," ಎಂದು ನಕ್ಕರು.

ಅದೇ ನನ್ನ ತೊಂದರೆ ಎಂದು ಹೇಳುವುದು ಹೇಗೆ?

ಅದಾಗಿ ಸ್ವಲ್ಪ ದೂರ ಹೋದ ಮೇಲೆ ಕನ್ನಡಿ ನೋಡುತ್ತೇನೆ, ದೀಪ ಇಲ್ಲ. ನಿಲ್ಲಬೇಕಿತ್ತು, ನಿಯಮ ಹಾಗಿತ್ತು. ನನಗಾದದ್ದು ಮಾತ್ರ ಖುಷಿ. ಬೇಸತ್ತು ಬೇರೆ ದಾರಿ ಹಿಡಿದಿರಬೇಕು ಅಂದುಕೊಂಡೆ. ಹೆಲ್ಮೆಟ್ಟಿನೊಳಗೆ ಹಾಡು ಗುನುಗುತ್ತ, ತಿರುವುಗಳಲ್ಲಿ ಬಾಗುತ್ತ, ಪ್ರಾಯ ಮರಳಿದವನಂತೆ ಓಡಿಸಿದೆ.

ಹಳ್ಳಿಯೊಂದರ ಚಹಾದಂಗಡಿಯಲ್ಲಿ ಎಲ್ಲರೂ ನಿಂತಿದ್ದರು. ಗಿರ್ಮಿಟ್ ಬಂತು, ಮಿರ್ಚಿ ಬಂತು, ನಮ್ಮ ನಮ್ಮ ಶೌರ್ಯದ ವರ್ಣನೆಯೂ ಶುರುವಾಯಿತು. ಅಂಗಡಿಯಾತ ತಟ್ಟೆ ಹಿಡಿದು ಎರಡು ಸುತ್ತು ಬಂದ. "ಒಂದು ಚಹಾ ಉಳದೇತಿ, ಯಾರದ್ರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಚಹಾ ಕೆನೆಗಟ್ಟುತ್ತಿತ್ತು. ರೋಹಿಣಿ ಮೆಲ್ಲಗೆ ಕೇಳಿದರು: "ಡೇನಿಯಲ್ ಸರ್ ಎಲ್ಲೆ?"

ನನ್ನ ಬಾಯಿಯ ಮಿರ್ಚಿ ಬಾಯಲ್ಲೇ ಉಳಿಯಿತು. ಫೋನ್ ಹಚ್ಚಿದರೆ ವ್ಯಾಪ್ತಿಯ ಹೊರಗೆ. ನಾನು ಹುಬ್ಬಳ್ಳಿಯವನು, ರೈಲ್ವೆ ಊರಿನವನು. ಕಡೆಯ ಡಬ್ಬಿಯನ್ನು ಕಣ್ಣಾರೆ ಕಾಣುವವರೆಗೆ ಸ್ಟೇಷನ್ನಿನಲ್ಲಿ ಗಾಡಿ ಪೂರ್ತಿ ಬಂತೆಂದು ಹೇಳುವುದಿಲ್ಲ ಎಂದು ಬುದ್ಧಿ ಬಂದಾಗಿನಿಂದ ಕೇಳಿದವನು. ನಾವೆಲ್ಲ ಇಂಜಿನ್ನು ಬಂದದ್ದನ್ನು ನೋಡಿಯೇ ಗಿರ್ಮಿಟ್ಟಿಗೆ ಕೈಹಾಕಿದ್ದೆವು. ಕಡೆಯ ಡಬ್ಬಿ ಕಳಚಿದ್ದು ಗೊತ್ತಿದ್ದವನು ನಾನೊಬ್ಬನೇ, ಹಾಡು ಗುನುಗಿದವನೂ ನಾನೇ.

"ಭಾಳ ಹೊತ್ತಾತ್ರಿ, ನನ್ನ ಕನ್ನಡ್ಯಾಗ ಅವರಿರಲಿಲ್ಲ," ಎಂದೆ. ರೋಹಿಣಿ ಏನೂ ಅನ್ನಲಿಲ್ಲ. ಹಲ್ಲು ಕೀಳುವಾಗಲೂ ಅವರು ಹೀಗೆಯೇ ಸುಮ್ಮನಿರುತ್ತಾರೆ.

ಎಲ್ಲ ಗಾಡಿಗಳೂ ತಿರುಗಿದವು. ಈಗ ಮುಂದೆ ನಾನು. ಬರುವಾಗ ಅಂಜಿದ ತಿರುವುಗಳು ಒಂದೂ ಕಣ್ಣಿಗೆ ಬೀಳಲಿಲ್ಲ, ಕಂದಕಗಳಷ್ಟೇ ಕಂಡವು. ಒಂದು ಸಣ್ಣ ಸೇತುವೆಯ ಹತ್ತಿರ ಅವರ ಗಾಡಿ ನಿಂತಿತ್ತು. ಮೇಲೆ ಹೆಲ್ಮೆಟ್ಟು, ಮನುಷ್ಯನಿಲ್ಲ. ಇಳಿದು ಕಂದಕದೊಳಗೆ ಇಣುಕಿದೆ.

ಅಷ್ಟರಲ್ಲಿ ಹಳ್ಳದ ಕಡೆಯಿಂದ ಮಸಿಯಾದ ಕೈ ತೊಳೆದುಕೊಂಡು ಡೇನಿಯಲ್ ಸರ್ ಮೇಲೆ ಹತ್ತಿ ಬಂದರು. ನಮ್ಮನ್ನು ಕಂಡದ್ದೇ ಅವರ ಮುಖ ಬಿಳುಚಿತು. ಅವಸರದಿಂದ ಓಡಿಬಂದು ಕೇಳಿದರು:

"ಯಾಕ್ರಿ, ಯಾರರೆ ಬಿದ್ರೇನು?"

"ಇಲ್ಲ ಸರ್. ನಿಮ್ಮ ಸಲುವಾಗಿ ಬಂದೇವಿ," ಎಂದರು ರೋಹಿಣಿ.

"ನನ್ನ ಸಲುವಾಗಿ?" ಅವರು ನಂಬಲಿಲ್ಲ. "ಚೈನು ಕಳಚಿತ್ತು, ಹಾಕ್ಕೊಂಡೆ. ಮದ್ಲೂ ಒಂದೆರಡು ಸಲ ಹಿಂಗ ಆಗಿತ್ತಲ್ಲ."

ಹಿಂದೆ ಆಗಿತ್ತೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಊರಿಗೆ ಮರಳುವಾಗ ನಾನು ಹಟ ಹಿಡಿದೆ. "ಇವತ್ತ ನೀವು ಮುಂದ ನಡೀರಿ ಸರ್, ನಾ ಹಿಂದ ಬರ್ತೇನಿ."

"ಬ್ಯಾಡ್ರಿ. ಹಿಂದ ಯಾರರೆ ಇದ್ರ ನನಗ ಗಾಡಿ ಹೊಡಿಯಾಕ ಆಗೂದಿಲ್ಲ," ಎಂದರು. ಅಂತೂ ನಮ್ಮಿಬ್ಬರ ಕಾಯಿಲೆ ಒಂದೇ. ಅವರದು ಮಾತ್ರ ನಾಲ್ಕು ಜನಕ್ಕೆ ಉಪಯೋಗಕ್ಕೆ ಬಂದಿದೆ. ದಾರಿಯುದ್ದಕ್ಕೂ ಮುಂದಿನ ರಸ್ತೆಗಿಂತ ಹೆಚ್ಚು ಕನ್ನಡಿ ನೋಡುತ್ತ, ಆ ದೀಪ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತ ಬಂದೆ.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಮಗಳು ಉಂಡು ಮಲಗಿದ್ದಳು. ಶೈಲಾ ರೊಟ್ಟಿ, ಎಣಗಾಯಿ ಬಡಿಸಿದಳು. ನಾನು ಉಂಡು, ಕೈ ತೊಳೆದು, ಪೇಪರ್ ಹಿಡಿದು ಅಡ್ಡಾಗುವುದು ಮದುವೆಯಾದಾಗಿನ ಪದ್ಧತಿ. ಅಂದು ಯಾಕೋ ತುತ್ತು ಕೈಯಲ್ಲೇ ನಿಂತಿತು. ಒಲೆಯ ಹತ್ತಿರ ಮುಚ್ಚಿಟ್ಟ ಇನ್ನೊಂದು ತಾಟು ಕಂಡಿತು.

"ನಿಂದು ಊಟ ಆತೇನು?" ಎಂದೆ.

ಶೈಲಾಳ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ನನ್ನನ್ನೊಮ್ಮೆ ನೋಡಿದಳು. ಹತ್ತಿರ ಬಂದಳು, ಹಣೆ ಮುಟ್ಟಿದಳು, ನೆತ್ತಿ ಸವರಿದಳು.

"ಖರೇ ಹೇಳ್ರಿ," ಎಂದಳು, "ಎಲ್ಲೆರೆ ಬಿದ್ದು ಬಂದೀರೇನು?"