ತಂಡದ ಬೆನ್ನಿಗೆ ಸಂಖ್ಯೆ ಹೊಲಿಯುವ ಅತ್ತೆ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಅಚ್ಚು ಹಾಕುವವರಿಗೆ ಕಷ್ಟವಾಗಬಾರದೆಂದು ಎರಡು ಸಲ ಬರೆದು, ಮೂರನೆಯ ಸಲ ನಿಧಾನವಾಗಿ ಪ್ರತಿ ಮಾಡಿದ್ದೇನೆ. ಹತ್ತನೆಯ ತರಗತಿಯ ಅರ್ಧಕ್ಕೇ ಶಾಲೆ ಬಿಟ್ಟವಳು ನಾನು. ದೊಡ್ಡ ದೊಡ್ಡ ಮಾತುಗಳು ಬರುವುದಿಲ್ಲ. ಅಭಿಮಾನಿ ಬಳಗದವರು ಈ ವರ್ಷದ ಪುಸ್ತಕಕ್ಕೆ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಹಿಂದೆ ದುಡಿಯುವ ಯಾರಾದರೊಬ್ಬರ ಬಗ್ಗೆ ಬರೆದುಕೊಡಿ ಎಂದು ಕೇಳಿದಾಗ, ನನಗೆ ಗೊತ್ತಿದ್ದವರು ಅತ್ತೆ ಒಬ್ಬರೇ. ಅವರನ್ನು ಕೇಳಿದೆ.

“ಬರ್ಕೊ,” ಎಂದರು. “ಆದ್ರೆ ತಪ್ಪನ್ನೂ ಸೇರ್ಸು. ಹೊಗಳಿಕೆ ಒಂದೇ ಇದ್ರೆ ಸತ್ತೋರ ಬಗ್ಗೆ ಬರ್ದ ಹಾಗಿರುತ್ತೆ.”

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಹತ್ತೊಂಬತ್ತು ವರ್ಷದಿಂದ ನಮ್ಮ ತಂಡದ ಜೆರ್ಸಿಗಳಿಗೆ ಸಂಖ್ಯೆ ಮತ್ತು ಹೆಸರು ಹೊಲಿಯುವವರು ಅವರೇ. ಅವರ ಹೊಲಿಗೆ ಕೋಣೆ ಮುಖ್ಯರಸ್ತೆಗೆ ಬೆನ್ನು ಹಾಕಿದ ಒಂದು ಗಲ್ಲಿಯಲ್ಲಿದೆ. ಎರಡು ಮೆಷಿನ್, ಒಂದು ಉದ್ದದ ಮೇಜು, ಗೋಡೆಗೆ ಒಂದು ಸಣ್ಣ ಟೀವಿ. ಪಂದ್ಯ ನಡೆಯುವಾಗ ಟೀವಿಯ ಧ್ವನಿ ತೆಗೆದಿರುತ್ತಾರೆ. ವಿವರಣೆ ಕೊಡುವವನು ಆಟ ನೋಡಲು ಬಿಡುವುದಿಲ್ಲ ಎಂಬುದು ಅವರ ದೂರು. “ಮದುವೆ ಮನೇಲಿ ಊಟ ಮಾಡೋರ ಪಕ್ಕ ಕೂತು, ಈಗ ತುತ್ತು ಎತ್ತಿದ್ರು, ಈಗ ನುಂಗಿದ್ರು ಅಂತ ಹೇಳ್ದ ಹಾಗೆ,” ಎನ್ನುತ್ತಾರೆ.

ಅವರು ಈ ಆಟಕ್ಕೆ ಬಂದದ್ದು ಒಂದು ಹರಿದ ಜೆರ್ಸಿಯಿಂದ. ತಂಡದ ಸಾಮಾನು ನೋಡಿಕೊಳ್ಳುವವರು ಒಬ್ಬರಿದ್ದಾರೆ. ಯಾವಾಗಲೂ ಎರಡು ಭುಜಕ್ಕೂ ಚೀಲ ನೇತುಹಾಕಿಕೊಂಡು ಬರುವುದರಿಂದ ನಾವು ಅವರನ್ನು ಚೀಲದಣ್ಣ ಎನ್ನುತ್ತೇವೆ. ಒಂದು ಸಂಜೆ ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ಅವರು ಓಡುತ್ತಾ ಬಂದು, ಕಂಡ ಮೊದಲ ಟೈಲರ್ ಅಂಗಡಿಗೆ ನುಗ್ಗಿದರಂತೆ. ಅತ್ತೆ ಆರು ನಿಮಿಷದಲ್ಲಿ ಹೊಲಿದುಕೊಟ್ಟರು. ಚೀಲದಣ್ಣ ಎರಡು ಟಿಕೆಟ್ ಕೊಟ್ಟುಹೋದರು. ಅತ್ತೆಗೆ ಅಂದು ಆಟದ ನಿಯಮ ಒಂದೂ ತಿಳಿಯದು. ಆದರೆ ತಾವು ಹೊಲಿದ ಹೊಲಿಗೆ ಅಂಗಳದಲ್ಲಿ ಓಡುವುದನ್ನು ಕಣ್ಣು ಮಿಟುಕಿಸದೆ ನೋಡಿದರಂತೆ. ಅಲ್ಲಿಂದ ಶುರು.

ಈಗ ಅತ್ತೆಯಷ್ಟು ಅಭಿಪ್ರಾಯ ಇರುವವರು ನಮ್ಮ ಗಲ್ಲಿಯಲ್ಲಿ ಇನ್ನೊಬ್ಬರಿಲ್ಲ. ಎಲ್ಲರೂ ಅಂಕ ನೋಡಿ ಆಟಗಾರನನ್ನು ಅಳೆದರೆ, ಅತ್ತೆ ರಿಪೇರಿಗೆ ಬಂದ ಜೆರ್ಸಿ ನೋಡಿ ಅಳೆಯುತ್ತಾರೆ. ಎಡಭುಜದ ಅಂಚು ಕಿತ್ತು ಬಂದರೆ ಅವನು ಬುಟ್ಟಿಯ ಕೆಳಗೆ ನಿಂತು ಹೊಡೆದಾಡಿದವನು. ಕೊರಳಪಟ್ಟಿ ಜಗ್ಗಿ ಸಡಿಲವಾಗಿದ್ದರೆ, ಚೆಂಡು ತಪ್ಪಿದಾಗಲೆಲ್ಲ ಬಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುವವನು. ವರ್ಷವಿಡೀ ಒಂದು ದಾರವೂ ಬಿಚ್ಚದಿದ್ದರೆ? “ಅವನು ಆಡಕ್ಕೆ ಬಂದಿಲ್ಲ, ಫೋಟೋಗೆ ಬಂದಿದಾನೆ.”

ಆಟಗಾರರಿಗೆಲ್ಲ ಅವರು ಅಡ್ಡಹೆಸರು ಇಟ್ಟಿದ್ದಾರೆ. ಚುರುಕಾಗಿ ಓಡುವ ಗಿಡ್ಡ ಆಟಗಾರ ಅಳಿಲು. ನಲವತ್ತೊಂದನೆಯ ಸಂಖ್ಯೆಯ ಉದ್ದ ಕಾಲಿನವನು ಕೊಕ್ಕರೆ. ಆರು ವರ್ಷ ನಮ್ಮಲ್ಲಿದ್ದ ಕೊಕ್ಕರೆ ಪಂದ್ಯಕ್ಕೆ ಆರೇಳು ಅಂಕ ಗಳಿಸಿದರೆ ಹೆಚ್ಚು. ಆದರೆ ಅವನ ಜೆರ್ಸಿ ಹರಿದಷ್ಟು ಯಾರದ್ದೂ ಹರಿಯುತ್ತಿರಲಿಲ್ಲ. ಎದುರಾಳಿಗೆ ಅಡ್ಡ ನಿಂತು ಅಳಿಲಿಗೆ ದಾರಿ ಮಾಡಿಕೊಡುವುದೇ ಅವನ ಕೆಲಸ. ಅಳಿಲಿನ ಅಂಕದಲ್ಲಿ ಅರ್ಧ ಕೊಕ್ಕರೆಯದ್ದು ಎಂದು ಅತ್ತೆ ವಾದಿಸುತ್ತಿದ್ದರು.

ವಾದಿಸಲು ಪಕ್ಕದಲ್ಲೇ ಒಬ್ಬರಿದ್ದಾರೆ. ಬೀಗ ರಿಪೇರಿ ಮಾಡುವವರು. ದಿನಕ್ಕೆರಡು ಸಲ ನಮ್ಮ ಬಾಗಿಲಿಗೆ ಒರಗಿ ನಿಂತು ಅತ್ತೆಯನ್ನು ಕೆಣಕದಿದ್ದರೆ ಅವರಿಗೆ ಹೊತ್ತು ಹೋಗದು.

“ಅಕ್ಕಾ, ನಿಮ್ಮ ಕೊಕ್ಕರೆ ನಿನ್ನೆ ನಾಲ್ಕೇ ಅಂಕ. ಒಂಟಿ ಕಾಲಲ್ಲಿ ನಿಂತಿದ್ನೋ ಏನೋ.”

“ಬಾಗಿಲಿಗೆ ಬೀಗ ಎಷ್ಟು ಅಂಕ ತರುತ್ತಪ್ಪಾ? ಆದ್ರೂ ಹಾಕ್ತೀರಲ್ಲ.”

ಬೀಗದವರು ನಕ್ಕು ಹೋದರು. ಮರುದಿನ ಇನ್ನೊಂದು ಮಾತು ಹುಡುಕಿಕೊಂಡು ಬಂದರು.

ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ವರ್ಷದಲ್ಲಿ ಒಂದು ಕೊನೆಯ ದಿನವಿದೆ. ಆ ದಿನ ಮಧ್ಯಾಹ್ನ ಮೂರು ಗಂಟೆಯ ನಂತರ ಯಾರನ್ನೂ ಕೊಡುವಂತಿಲ್ಲ, ತರುವಂತಿಲ್ಲ. ಈ ವರ್ಷ ಅದು ಗುರುವಾರ ಬಂದಿತ್ತು. ಎರಡೂವರೆಗೆ ಫೋನ್ ಬಂತು. ನಮ್ಮವರು ಕೊಕ್ಕರೆಯನ್ನು ಬಂದರಿನ ತಂಡಕ್ಕೆ ಕೊಟ್ಟು, ಅಲ್ಲಿಂದ ಒಬ್ಬ ಹೆಚ್ಚು ಅಂಕ ಗಳಿಸುವವನನ್ನು ತಂದಿದ್ದರು. ಅವನನ್ನು ಅತ್ತೆ ಮೂರು ವರ್ಷದಿಂದ ಕನ್ನಡಿ ಎಂದೇ ಕರೆಯುತ್ತಿದ್ದರು. ಪಂದ್ಯದ ನಡುವೆ ಮೇಲಿನ ದೊಡ್ಡ ಪರದೆಯಲ್ಲಿ ತನ್ನ ಮುಖ ಬಂತೆಂದರೆ ಅವನು ಕೂದಲು ಸರಿಮಾಡಿಕೊಳ್ಳುತ್ತಾನೆ.

ಅತ್ತೆ ಫೋನ್ ಇಟ್ಟರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಕುದುರೆ ಕೊಟ್ಟು ಗೆಜ್ಜೆ ತಂದ್ರು,” ಎಂದರು.

ನಾಲ್ಕು ಗಂಟೆಗೆ ಚೀಲದಣ್ಣ ಕನ್ನಡಿಯ ಅಳತೆಯ ನಾಲ್ಕು ಖಾಲಿ ಜೆರ್ಸಿ ತಂದರು. ನಮ್ಮ ಅಂಗಳದಲ್ಲಿ ಹಾಕುವ ಬಿಳಿಯವು ಎರಡು, ಹೊರಗಿನ ಪಂದ್ಯಕ್ಕೆ ನೀಲಿಯವು ಎರಡು. ಜೊತೆಗೆ ಕೊಕ್ಕರೆ ಬಿಟ್ಟುಹೋದ ನಾಲ್ಕು ಜೆರ್ಸಿ, ಒಂದು ಚೀಟಿ. ಚೀಟಿಯಲ್ಲಿ ಹೆಸರು, ಅದರ ಕೆಳಗೆ ಹದಿನಾಲ್ಕು ಎಂಬ ಸಂಖ್ಯೆ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಬೇಕು, ಸಂಜೆ ಪಂದ್ಯ.

ಹೋಗುವ ಮೊದಲು ಅವರು ಬಾಗಿಲಲ್ಲಿ ತಡೆದು ನಿಂತರು. “ಅಕ್ಕಾ, ಹೇಳಕ್ಕೆ ಬೇಜಾರು. ಹೋದ ತಿಂಗಳು ಅಳಿಲಿನ ನಂಬರ್ ಒಂದು ಬೆರಳು ಓರೆ ಆಗಿತ್ತಲ್ಲ, ಆಫೀಸಿನವ್ರು ಇನ್ನೂ ಮರ್ತಿಲ್ಲ. ಮೆಷಿನ್‌ನಲ್ಲಿ ಅಂಟಿಸೋ ಅಂಗಡಿಗೆ ಕೊಡೋಣ ಅಂತಿದಾರೆ. ಇನ್ನೊಂದು ತಪ್ಪಾದ್ರೆ ನಾನು ಅಡ್ಡ ನಿಲ್ಲಕ್ಕಾಗಲ್ಲ.”

“ಆಗಲ್ಲ ಬಿಡಿ,” ಎಂದರು ಅತ್ತೆ.

ನಾನು ಮೇಜಿನ ಆ ತುದಿಯಲ್ಲಿ ದಾರ ಕತ್ತರಿಸುತ್ತಿದ್ದೆ. ಎಲ್ಲ ಕೇಳಿಸಿತು. ತಂಡದ ಕೆಲಸ ಹೋದರೆ ಅತ್ತೆಗೆ ಉಳಿಯುವುದು ಪರದೆಗೆ ಅಂಚು ಹೊಲಿಯುವುದು, ಪ್ಯಾಂಟ್ ಗಿಡ್ಡ ಮಾಡುವುದು. ಹೊಟ್ಟೆಗೆ ಅಷ್ಟು ಸಾಕು. ಆದರೆ ಅತ್ತೆಗೆ ಸಾಲದು.

ಇಲ್ಲಿ ಅತ್ತೆಯ ಒಂದು ಪದ್ಧತಿ ಹೇಳಬೇಕು. ಒಬ್ಬ ಆಟಗಾರ ಹೋದಾಗ ಅವನ ಜೆರ್ಸಿಯ ಅಂಕಿಗಳನ್ನು ಬಿಚ್ಚಿಡುತ್ತಾರೆ. ಹೊಸಬನ ಸಂಖ್ಯೆಯಲ್ಲಿ ಅದೇ ಅಂಕಿ ಬಂದರೆ ಹೊಸದನ್ನು ಕತ್ತರಿಸದೆ ಹಳೆಯದನ್ನೇ ಹೊಲಿಯುತ್ತಾರೆ. ಬಟ್ಟೆ ಉಳಿಸಲು ಅಲ್ಲ. ಹೋದವನ ಬೆವರು ಸ್ವಲ್ಪ ತಂಡದಲ್ಲಿಯೇ ಇರಲಿ ಎಂದು. ನಲವತ್ತೊಂದರಲ್ಲೂ ಹದಿನಾಲ್ಕರಲ್ಲೂ ಇರುವುದು ಅದೇ ನಾಲ್ಕು, ಅದೇ ಒಂದು. ಹಾಗಾಗಿ ಅಂದು ಸಂಜೆ ಅವರು ಕೊಕ್ಕರೆಯ ನಾಲ್ಕು ಜೆರ್ಸಿ ಎದುರಿಗಿಟ್ಟುಕೊಂಡು, ಎದೆಯ ಸಣ್ಣ ಅಂಕಿ, ಬೆನ್ನಿನ ದೊಡ್ಡ ಅಂಕಿ, ಒಂದೊಂದನ್ನೇ ಬ್ಲೇಡಿನಿಂದ ಬಿಡಿಸಿ ಸಾಲಾಗಿ ಇಟ್ಟರು. ನಂತರ ಖಾಲಿ ಜೆರ್ಸಿ ಎಳೆದುಕೊಂಡರು. ನಾನು ಮನೆಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದಾಗ ನಾಲ್ಕೂ ಜೆರ್ಸಿ ಸಿದ್ಧವಾಗಿದ್ದವು. ಉಳಿದ ದಾರ ಕತ್ತರಿಸಿ ಇಸ್ತ್ರಿ ಮಾಡುವುದು ನನ್ನ ಕೆಲಸ. ಮೊದಲ ಬಿಳಿ ಜೆರ್ಸಿಯನ್ನು ಬೆನ್ನು ಮೇಲಾಗಿ ಹರಡಿದೆ. ಹೊಲಿಗೆ ಎಂದಿನಂತೆ ನೇರ. ಹೆಸರು ಹೊಸಬನದು. ಅದರ ಕೆಳಗೆ ನಲವತ್ತೊಂದು.

ಚೀಟಿ ನೋಡಿದೆ. ಮತ್ತೆ ಜೆರ್ಸಿ ನೋಡಿದೆ. ಉಳಿದ ಮೂರನ್ನೂ ಬಿಡಿಸಿದೆ. ಎಲ್ಲದರಲ್ಲೂ ನಲವತ್ತೊಂದು. ಬಿಚ್ಚಿದ ಸಾಲಿನಲ್ಲೇ ಅತ್ತೆ ಹೊಲಿದುಬಿಟ್ಟಿದ್ದರು. ಆರು ವರ್ಷ ಆ ಕೈಗಳು ಮೊದಲು ನಾಲ್ಕು, ಆಮೇಲೆ ಒಂದು ಎಂದೇ ಓಡಿದ್ದವು.

ಅತ್ತೆ ಆಗ ಬಾಗಿಲಲ್ಲಿ ಬೀಗದವರ ಜೊತೆ ಮಾತಿನಲ್ಲಿದ್ದರು.

“ಅಂಕ ಬೇಕು ಅಂತಿದ್ರಲ್ಲ, ತಗೊಳ್ಳಿ ಈಗ. ಅಳಿಲೂ ಅವನೂ ಇಬ್ರೂ ಚೆಂಡು ಬಿಡೋರಲ್ಲ. ಎತ್ತು ಏರಿಗೆಳೆಯುತ್ತೆ, ಕೋಣ ನೀರಿಗೆಳೆಯುತ್ತೆ.”

“ಅದು ಸರಿ ಅಕ್ಕಾ, ಆದ್ರೆ ಕೊಕ್ಕರೆ ಮಂಡಿ ಸವೆದಿತ್ತಲ್ಲ. ಇನ್ನೆರಡು ವರ್ಷಕ್ಕೆ ಯಾರು ಕೊಳ್ತಿದ್ರು?”

“ನಿಮ್ಮ ಮಂಡೀನೂ ಸವೆದಿದೆ. ನಿಮ್ಮ ಹೆಂಡ್ತಿ ಅದಲುಬದಲು ಮಾಡಿದ್ರಾ?”

ನಾನು ಚೀಟಿ ಹಿಡಿದು ಇದ್ದಲ್ಲೇ ನಿಂತೆ. ಶಾಲೆಯಲ್ಲೂ ಹೀಗೆಯೇ ಆಗುತ್ತಿತ್ತು. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಹೊರಗಿನವರ ಎದುರಿಗೆ, ಹತ್ತೊಂಬತ್ತು ವರ್ಷ ಹೊಲಿದವರಿಗೆ, ನಿಮ್ಮದು ತಪ್ಪು ಎಂದು ಹದಿನೇಳರ ನಾನು ಹೇಗೆ ಹೇಳಲಿ? ಬೀಗದವರು ಹೋಗಲಿ ಎಂದು ಕಾದೆ. ಅವರು ಹೋಗಲಿಲ್ಲ. ಇಸ್ತ್ರಿ ಮಾಡಿದ್ದನ್ನೇ ಮತ್ತೆ ಮಾಡಿದೆ.

“ಆ ಜೆರ್ಸಿಗೆ ಏನಾಗಿದೆ ಮಗೂ?” ಎಂದರು ಬೀಗದವರು. “ಶಾಖ ಕೊಡ್ತಾನೇ ಇದೀಯಲ್ಲ, ನೆಗಡಿನಾ?”

ಗಡಿಯಾರದಲ್ಲಿ ಎಂಟು ಇಪ್ಪತ್ತಾಗಿತ್ತು. ಬಿಚ್ಚುವ ಕೆಲಸಕ್ಕಿರುವ ಹೊತ್ತಿನಿಂದ ಒಂದೊಂದು ನಿಮಿಷವೂ ಕಳೆಯುತ್ತಿದೆ ಎಂದು ಹೊಳೆಯಿತು. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟೆ.

“ಅತ್ತೆ, ಇದು ಹದಿನಾಲ್ಕು ಆಗ್ಬೇಕಿತ್ತು.”

ನನ್ನ ಧ್ವನಿ ಬಹಳ ಸಣ್ಣದಾಗಿತ್ತು. ಆದರೂ ಇಬ್ಬರಿಗೂ ಕೇಳಿಸಿತು. ಅತ್ತೆ ಒಳಗೆ ಬಂದು, ಚೀಟಿಯನ್ನು ಜೆರ್ಸಿಯ ಪಕ್ಕಕ್ಕೆ ಹಿಡಿದು ನೋಡಿದರು. ಬೈಯುತ್ತಾರೆಂದುಕೊಂಡೆ.

“ಯಾವಾಗ ನೋಡ್ದೆ?”

“ಎಂಟಕ್ಕೆ.”

“ಇಪ್ಪತ್ತು ನಿಮಿಷ ಏನ್ ಮಾಡ್ತಿದ್ದೆ?”

ನಾನು ಬೀಗದವರ ಕಡೆ ನೋಡಿದೆ.

“ಅವ್ರಿಗೆ ಹೆದರ್ಕೊಂಡ್ಯಾ? ಅವ್ರ ಹೆಂಡ್ತೀನೇ ಅವ್ರಿಗೆ ಹೆದರಲ್ಲ,” ಎನ್ನುತ್ತಾ ಅತ್ತೆ ಕುರ್ಚಿ ಎಳೆದು ಕೂತರು. ಆದರೆ ದನಿಯಲ್ಲಿ ನಗುವಿರಲಿಲ್ಲ. ಬ್ಲೇಡ್ ಎತ್ತಿಕೊಂಡರು.

ಹದಿನಾರು ಅಂಕಿ ಬಿಚ್ಚಿ ಮತ್ತೆ ಹೊಲಿಯಲು ಹನ್ನೆರಡರೊಳಗೆ ಸಾಧ್ಯವಿರಲಿಲ್ಲ. ಅತ್ತೆ ಲೆಕ್ಕ ಹಾಕಿದರು. ಸಂಜೆಯ ಪಂದ್ಯ ನಮ್ಮ ಅಂಗಳದಲ್ಲೇ. ಬಿಳಿ ಎರಡು ಸಿಕ್ಕಿದರೆ ಸಾಕು, ನೀಲಿ ಭಾನುವಾರಕ್ಕೆ. ಅತ್ತೆ ಒಂದು ಜೆರ್ಸಿ ಹಿಡಿದರು, ನಾನು ಇನ್ನೊಂದು. ಬೀಗದವರು ತಮ್ಮ ಅಂಗಡಿಗೆ ಹೋಗಿ ಸೂಜಿಮೂತಿಯ ಚಿಮಟ ತಂದು, ನಾವು ಕತ್ತರಿಸಿದ ದಾರದ ತುಣುಕುಗಳನ್ನು ಒಂದೊಂದಾಗಿ ಕೀಳುತ್ತಾ ಕೂತರು. ಗಿರಾಕಿಯೊಬ್ಬ ಹೊರಗಿಂದ ಕೂಗಿದ. “ಬೀಗ ಎಲ್ಲೂ ಓಡಿಹೋಗಲ್ಲ, ಇರಪ್ಪಾ,” ಎಂದರು.

ಮೊದಲು ಒಂದು ಇದ್ದ ಜಾಗಕ್ಕೆ ಈಗ ನಾಲ್ಕು ಬಂತು. ಅದು ಅಗಲವಾದ್ದರಿಂದ ಹಳೆಯ ತೂತುಗಳೆಲ್ಲ ಮುಚ್ಚಿಹೋದವು. ಆದರೆ ನಾಲ್ಕಿದ್ದ ಜಾಗದಲ್ಲಿ ಸಣಕಲು ಒಂದು ನಿಂತಾಗ ಅದರ ಎರಡೂ ಬದಿಗೆ ಸೂಜಿಯ ತೂತುಗಳು ಇರುವೆ ಸಾಲಿನಂತೆ ಉಳಿದವು. ಅತ್ತೆ ಒದ್ದೆ ಬಟ್ಟೆ ಹಾಸಿ ಹಬೆ ಕೊಟ್ಟು ಉಗುರಿನಿಂದ ಉಜ್ಜಿದರು. ನಾನೂ ಉಜ್ಜಿದೆ. ಹತ್ತರಲ್ಲಿ ಒಂಬತ್ತು ಮುಚ್ಚಿದವು. ಮಾರು ದೂರದಿಂದ ಏನೂ ಕಾಣುತ್ತಿರಲಿಲ್ಲ. ಕೈಯಲ್ಲಿ ಹಿಡಿದವರಿಗೆ ಕಾಣುತ್ತಿತ್ತು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಚೀಲದಣ್ಣ ಬಂದರು. ನಾನು ಎರಡೂ ಜೆರ್ಸಿ ಮಡಚಿ, ತೂತು ಒಳಗಾಗುವಂತೆ ಇಟ್ಟಿದ್ದೆ. ಅತ್ತೆ ಅದನ್ನು ಬಿಡಿಸಿ ಅವರ ಎದುರಿಗೇ ಹರಡಿದರು.

“ತಪ್ಪಾಯ್ತು ಚೀಲದಣ್ಣ. ನಲವತ್ತೊಂದು ಹೊಲ್ದಿದ್ದೆ. ಬಿಚ್ಚಿ ಹಾಕಿದೀವಿ. ಇಲ್ಲಿ ನೋಡಿ, ಗುರುತು. ನೀಲಿ ಇನ್ನೂ ಆಗಿಲ್ಲ.”

ಅವರು ಜೆರ್ಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೀಗದವರು ಚಿಮಟವನ್ನು ಜೇಬಿಗೆ ಹಾಕಿಕೊಂಡು ನೆಲ ನೋಡಿದರು.

“ಹೇಳ್ದೇ ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ,” ಎಂದರು ಚೀಲದಣ್ಣ.

“ಆಫೀಸಿಗೆ ಹೇಳೋದು ಬಿಡೋದು ನಿಮ್ಮಿಷ್ಟ. ನಿಮ್ಮಿಂದ ಮುಚ್ಚಿಟ್ರೆ ನಾಳೆಯಿಂದ ನನ್ನ ಹೊಲಿಗೆ ನಾನೇ ನಂಬಲ್ಲ.”

“ಯಾರು ಕಂಡುಹಿಡ್ದಿದ್ದು?”

ಅತ್ತೆ ನನ್ನ ಕಡೆ ಕೈ ತೋರಿಸಿದರು. ಶಾಲೆ ಬಿಟ್ಟು ನಾನು ಅತ್ತೆಯ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದರೂ ಚೀಲದಣ್ಣ ನನ್ನ ಜೊತೆ ಮಾತನಾಡಿದ್ದು ಅದೇ ಮೊದಲು.

“ನೋಡಮ್ಮ, ಇನ್ಮೇಲೆ ಒಂದೊಂದು ಜೆರ್ಸಿನೂ ನೀನು ಚೀಟಿ ಹಿಡ್ಕೊಂಡು ನೋಡ್ಬೇಕು. ನೋಡಿದೀನಿ ಅಂತ ಸಹಿ ಹಾಕ್ಬೇಕು. ಹಾಗಿದ್ರೆ ಆಫೀಸಿಗೆ ನಡೆದಿದ್ದು ನಡೆದ ಹಾಗೆ ಹೇಳಿ, ಈ ವರ್ಷ ಮುಗಿಯೋವರೆಗೆ ಕೆಲಸ ಇಲ್ಲೇ ಇರ್ಲಿ ಅಂತ ನಾನು ಕೇಳ್ತೀನಿ. ಆಗುತ್ತಾ?”

“ಆಗುತ್ತೆ,” ಎಂದೆ.

ಆಫೀಸಿನವರು ಒಪ್ಪಿದರೆಂದು ಸಂಜೆ ಫೋನ್ ಬಂತು. ಈ ವರ್ಷಕ್ಕೆ ಮಾತ್ರ. ಅತ್ತೆ “ಸರಿ” ಎಂದಷ್ಟೇ ಹೇಳಿ ಟೀವಿ ಹಾಕಿದರು.

ಕನ್ನಡಿ ಅಂದು ಹದಿಮೂರು ಅಂಕ ಗಳಿಸಿದ. ಎರಡು ಸಲ ಚೆಂಡು ಕೈಬಿಟ್ಟ. ಅಳಿಲು ಒಂದು ಕಡೆ ಓಡಿದರೆ ಇವನು ಇನ್ನೊಂದು ಕಡೆಗೆ ಪಾಸ್ ಕೊಟ್ಟ. ನಾವು ಮೂರು ಅಂಕದಿಂದ ಸೋತೆವು. ಬೀಗದವರು ಬೇಕೆಂದೇ ಅತ್ತೆಯ ಮುಖ ನೋಡಿದರು.

“ಕೈ ಚೆನ್ನಾಗಿದೆ,” ಎಂದರು ಅತ್ತೆ. “ಕಾಲು ಇನ್ನೂ ಹಳೇ ಊರಲ್ಲೇ ಇದೆ. ಬರುತ್ತೆ, ಹತ್ತು ಪಂದ್ಯ ಬೇಕು.”

“ಕನ್ನಡಿ ಅಂತಿದ್ರಿ?”

“ಈಗಲೂ ಅಂತೀನಿ. ನಮ್ಮನೇ ಕನ್ನಡಿ ಈಗ. ನೀವು ಒಡೀಬೇಡಿ.”

ಬಂದರಿನ ತಂಡದ ಪಂದ್ಯ ಬಂದ ದಿನ ಕೊಕ್ಕರೆ ಬೇರೆ ಬಣ್ಣದಲ್ಲಿ ಆಡುವುದನ್ನೂ ಅತ್ತೆ ಪೂರ್ತಿ ನೋಡಿದರು. ಅವನ ಸಂಖ್ಯೆಯ ಒಂದು ಮೂಲೆ ಸರಿಯಾಗಿ ಕೂತಿಲ್ಲ ಎಂದರು.

ಇದನ್ನು ಬರೆದು ಮುಗಿಸುವಾಗ ಈ ವರ್ಷದ ಇಪ್ಪತ್ತೆರಡು ಪಂದ್ಯ ಉಳಿದಿವೆ. ಅದಾದ ಮೇಲೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಹನ್ನೆರಡು ನೀಲಿ ಜೆರ್ಸಿ ಹೋಗಬೇಕು. ಏಳಕ್ಕೇ ಬಾಗಿಲು ತೆಗೆದು, ಒಂದೊಂದರ ಸಂಖ್ಯೆಯನ್ನು ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ, ಸಹಿ ಹಾಕುತ್ತೇನೆ.